ಹತ್ತನೆಯವನ ಕಟ್ಟೆ

ಕೋಡಿಪಟ್ಟಣದ ಮೀನು ಮಾರುಕಟ್ಟೆಯ ಹಿಂದಿನ ಓಣಿಗೆ ಯಹೂದಿ ಕೇರಿ ಎಂಬ ಹೆಸರು ಉಳಿದಿದೆ, ಯಹೂದಿಗಳು ಉಳಿದಿಲ್ಲ. ಊರು ನೋಡಲು ಬಂದವರನ್ನು ನಾನು ಅಲ್ಲಿಗೆ ಕರೆದೊಯ್ಯುವುದು ಬೆಳಗಿನ ಹೊತ್ತು, ಹೊಳೆಯ ಮಂಜು ಹಂಚಿನ ಮಾಡುಗಳ ಮೇಲೆ ಇನ್ನೂ ಮಲಗಿರುವಾಗ. ಆಗ ಟೈಲರ್ ಅಂಗಡಿಯೂ ಕಾಣುವುದಿಲ್ಲ, ಮೊಬೈಲ್ ಅಂಗಡಿಯೂ ಕಾಣುವುದಿಲ್ಲ. ಬೀದಿ ತನ್ನ ಹಳೆಯ ಕನಸಿನಿಂದ ಎದ್ದೇ ಇಲ್ಲ ಅನ್ನಿಸುತ್ತದೆ. ಓಣಿಯ ತುದಿಯಲ್ಲಿ ಅವರ ಪ್ರಾರ್ಥನಾ ಮಂದಿರದ ಅಡಿಪಾಯವಿದೆ, ಅದರೆದುರು ಮುರಕಲ್ಲಿನ ಒಂದು ಕಟ್ಟೆ. ಇದೇ ಹತ್ತನೆಯವನ ಕಟ್ಟೆ. ಯಾವನೋ ಅರಸನ ಹತ್ತನೆಯ ಮಗ ಇಲ್ಲಿ ಕೂರುತ್ತಿದ್ದನೆಂದು ಪುರಸಭೆಯವರು ಫಲಕ ಬರೆಸಿದ್ದಾರೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹಿಂದೆ ಒಮ್ಮೆ, ಹಾಯಿಹಡಗುಗಳು ಮೆಣಸಿಗಾಗಿ ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ, ಈ ಕೇರಿ ಜನರಿಂದ ತುಂಬಿ ತುಳುಕುತ್ತಿತ್ತು ಎನ್ನುತ್ತಾರೆ. ಆಮೇಲೆ ಅಳಿವೆಯಲ್ಲಿ ಹೂಳು ತುಂಬಿತು, ಹಡಗುಗಳು ತೆಂಕಣ ಬಂದರುಗಳಿಗೆ ತಿರುಗಿದವು, ಅವುಗಳ ಹಿಂದೆಯೇ ಮನೆಗಳೂ ಖಾಲಿಯಾದವು. ಕೊನೆಗೆ ಉಳಿದ ಗಂಡಸರು ಒಂಬತ್ತೇ ಮಂದಿ. ಅವರಲ್ಲಿ ಹಿರಿಯನಾದ ಹನನ್ಯನೆಂಬ ಮೆಣಸಿನ ವ್ಯಾಪಾರಿಯ ಹೆಂಡತಿ ರಿಬ್ಕಾ ತೀರಿಕೊಂಡಳು. ಸತ್ತವರಿಗಾಗಿ ಹೇಳುವ ಅವರ ಪ್ರಾರ್ಥನೆಗೆ ಹತ್ತು ಮಂದಿ ಯಹೂದಿ ಗಂಡಸರು ಕೂಡಲೇಬೇಕು; ಒಬ್ಬ ಕಡಿಮೆಯಾದರೂ ಆ ಮಾತು ಬಾಯಿಂದ ಹೊರಡುವಂತಿಲ್ಲ. ಹೆಂಡತಿಗೆ ಶೋಕ ಮೂವತ್ತು ದಿನ. ಅಷ್ಟರೊಳಗೆ ಒಮ್ಮೆಯಾದರೂ ಹೇಳದಿದ್ದರೆ, ನಲವತ್ತು ವರ್ಷ ಜೊತೆಗಿದ್ದವಳನ್ನು ಬೀಳ್ಕೊಡದೆಯೇ ಕಳಿಸಿದಂತಾಯಿತೆಂದು ಮುದುಕ ಅನ್ನ ಬಿಟ್ಟು ಕೂತ.

ಹೊಳೆಯಾಚೆಯ ದೋಣಿಗಾರ ದೂಮ ಮರಕಾಲನಿಗೆ ಇದನ್ನು ನೋಡಲಾಗಲಿಲ್ಲ. ಶನಿವಾರ ಯಹೂದಿಗಳಿಗೆ ಕೆಲಸ ನಿಷಿದ್ಧವಾದ ದಿನ, ಆ ಮನೆಗಳಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಶುಕ್ರವಾರ ಸಂಜೆಯೇ ಕೆಂಡದ ಮೇಲಿಟ್ಟ ಅನ್ನದ ಗಡಿಗೆಯನ್ನು ಮರುದಿನ ಇಳಿಸಿದಾಗ ರಿಬ್ಕಾ ಒಂದು ಬಟ್ಟಲನ್ನು ಇವನಿಗೆಂದೇ ತೆಗೆದಿಡುತ್ತಿದ್ದಳು.

“ಹ್ವಾಯ್, ಹತ್ತನೇಯವ ನಾನ್ ಆಪ್ಪುಕ್ ಆಗ್ದಾ? ಅಮ್ಮ ನಂಗೂ ಅನ್ನ ಹಾಕ್ತಿದ್ರಲ್ದಾ?” ಎಂದು ದೂಮ ಕೇಳಿದನಂತೆ.

“ಆತಿಲ್ಲ ಮಗಾ, ಅದ್ ನನ್ ಕೈಯಗಿಲ್ಲ” ಎಂದು ಹನನ್ಯ ತಲೆ ತಗ್ಗಿಸಿದ.

ದೂಮನ ಮನಸ್ಸಿಗೆ ನೋವಾಯಿತು. ಆದರೂ ಮರುದಿನ ಬೆಳಿಗ್ಗೆಯೇ ದೋಣಿ ನೂಕಿದ. ಯಹೂದಿಯನ್ನು ಗುರುತಿಸುವುದು ಹೇಗೆಂದು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ದೂರದಲ್ಲಿ ಹಾಯಿ ಕಂಡರೆ ಸಾಕು, ಹುಟ್ಟು ಹಾಕಿಕೊಂಡು ಹತ್ತಿರ ಹೋಗಿ, “ಶನಿವಾರ ಒಲಿ ಹೊತ್ಸದೇ ಇಪ್ಪವ್ರ್ ಯಾರಾರೂ ಇದ್ರಾ?” ಎಂದು ಕೂಗುತ್ತಿದ್ದ. ಇಪ್ಪತ್ತನೆಯ ದಿನ ಒಬ್ಬ ಜವಳಿ ವ್ಯಾಪಾರಿ ಹೌದೆಂದ. ದೂಮ ಅವನನ್ನು ಮೆರವಣಿಗೆಯಲ್ಲೆಂಬಂತೆ ಕರೆತಂದ. ಒಂಬತ್ತು ಮಂದಿಯೂ ಎದ್ದು ನಿಂತು ಕೈಗೆ ಪುಸ್ತಕ ಕೊಟ್ಟರೆ, ಆತ ಅದನ್ನು ಕಣ್ಣಿಗೊತ್ತಿಕೊಂಡು, ತನಗೆ ಶನಿಕಾಟವಿರುವುದರಿಂದ ಶನಿವಾರ ಪೂರ್ತಿ ಉಪವಾಸವೆಂದು ತಿಳಿಸಿದ. ಹೆಂಡತಿ ಹೋದ ಮೇಲೆ ಹನನ್ಯ ನಕ್ಕಿದ್ದು ಅದೇ ಮೊದಲಂತೆ.

ಮೂವತ್ತನೆಯ ದಿನ ಕಡಲು ಹಾಲಿನ ಹಾಗೆ ಬೆಳ್ಳಗಿತ್ತು, ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಅರಬಸ್ತಾನದ ಏಡನ್ ಬಂದರಿನ ಹಡಗೊಂದು ಮೂಡಿತು. ಅದರಲ್ಲಿ ಜ್ವರದಿಂದ ಮಲಗಿದ್ದ ಯಹೂದಿ ನಾವಿಕನೊಬ್ಬ ದೂಮನ ಕೂಗಿಗೆ ಕೈಯೆತ್ತಿದ. ದೂಮ ಅವನನ್ನು ಬೆನ್ನ ಮೇಲೆ ಹೊತ್ತು ತಂದು, ಹೊತ್ತು ಮುಳುಗುವ ಮೊದಲೇ ಮಂದಿರದೊಳಗೆ ಕೂರಿಸಿ, ತಾನು ಹೊರಗೆ ಬಂದು ಈ ಕಟ್ಟೆಯ ಮೇಲೆ ಬಿದ್ದುಕೊಂಡ. ಒಳಗಿನಿಂದ ಹನನ್ಯನ ದನಿ ಕೇಳಿಸಿತು. ಒಂದು ಮಾತೂ ಅರ್ಥವಾಗದಿದ್ದರೂ ದೂಮ ಬಿಕ್ಕಿ ಬಿಕ್ಕಿ ಅತ್ತ.

ಪ್ರಾರ್ಥನೆ ಮುಗಿಸಿ ಬಂದ ಹನನ್ಯ ಅವನ ಪಕ್ಕದಲ್ಲೇ ಕೂತು, “ಒಳಗೆ ಲೆಕ್ಕ ಸಮ ಆಯ್ತ್ ಮಗಾ. ಅವಳೇ ಲೆಕ್ಕ ಹಾಕಿದ್ರೆ ನಿನ್ನಿಂದ್ಲೇ ಶುರು ಮಾಡ್ತಿದ್ಳ್” ಎಂದನಂತೆ.

ನಾವಿಕನ ಹೆಸರು ಯಾರಿಗೂ ಗೊತ್ತಿಲ್ಲ. ಜ್ವರ ಇಳಿದ ಮೇಲೆ ಅವನು ಹಡಗು ಹತ್ತಿ ಹೋದ. ಕೇರಿಯವರು ಹತ್ತನೆಯವನೆಂದು ಕರೆದದ್ದು ಕಟ್ಟೆಯ ಮೇಲಿದ್ದ ದೂಮನನ್ನೇ.

ಗೋರಿಗೆ ಹೋದಾಗ ಅದರ ಮೇಲೊಂದು ಕಲ್ಲಿಟ್ಟು ಬರುವುದು ಯಹೂದಿಗಳ ಪದ್ಧತಿ. ದೂಮನಿಗೆ ಗೋರಿಯಿಲ್ಲ, ಅವನ ಬೂದಿ ಕಡಲಿಗೆ ಹೋಯಿತು. ಆದರೂ ದೂರದೇಶಗಳಿಂದ ಬರುವ ಯಹೂದಿಗಳು ಈ ಕತೆ ಕೇಳಿ ದಂಡೆಗೆ ಹೋಗಿ ಒಂದೊಂದು ಬೆಣಚುಕಲ್ಲು ಆರಿಸಿ ತಂದು ಕಟ್ಟೆಯ ಮೇಲೆ ಇಡುತ್ತಾರೆ. ಓಣಿ ಗುಡಿಸುವ ಮೀನುಗಾರ ಹೆಂಗಸರು ಕಟ್ಟೆಯನ್ನೂ ಗುಡಿಸುತ್ತಾರೆ. ಕಲ್ಲುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.