ವಾಮನ ಹುಡುಕಿದ ಒಳ್ಳೆಯ ದಿನ

ಹೇಮಾವತಿ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳು ಅಪ್ರಮೇಯ ಜೋಯಿಸರು. ವರ್ಷವರ್ಷವೂ ಅವರ ಪಂಚಾಂಗಕ್ಕೆ ಸುತ್ತಲಿನ ಊರುಗಳು ಕಾಯುತ್ತಿದ್ದವು.

ಶಿಷ್ಯ ವಾಮನ ಅದನ್ನು ಕಂಪ್ಯೂಟರಿನಲ್ಲಿ ಸಿದ್ಧಮಾಡುತ್ತಿದ್ದ. ತಿಥಿ, ನಕ್ಷತ್ರಗಳ ಗಣಿತಕ್ಕೆ ಅದರಲ್ಲೊಂದು ಹಳೆಯ ತಂತ್ರಾಂಶವಿತ್ತು.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೂ ಹಳೆಯದೇ. ಅದಕ್ಕೆ ವೈರಸ್ ಹತ್ತಿ, ಅಚ್ಚಿಗೆ ಕಳಿಸಿದ ಪುಟಗಳ ಜೊತೆಗೆ ಪೇಟೆಯ ಪ್ರೆಸ್ಸಿಗೂ ಹೋಯಿತು. ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದರು. ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿಕೊಂಡು ಕಳಿಸಿದರೆ ಅಚ್ಚು ಹಾಕುತ್ತೇವೆ, ಇಲ್ಲವಾದರೆ ಈ ಯುಗಾದಿಗೆ ನಿಮ್ಮ ಪಂಚಾಂಗವಿಲ್ಲ.

ಹೊಸ ಆವೃತ್ತಿ ಡೌನ್‌ಲೋಡ್ ಆಗಿ ಕೂತಿತ್ತು. ಒಂದು ಗುಂಡಿ ಒತ್ತಿದರೆ ಸಾಕಿತ್ತು.

ವಾಮನ ಗುರುಗಳ ಬಳಿ ಹೋದ. "ಗುರುಗಳೇ, ಇದಕ್ಕೊಂದು ಒಳ್ಳೆಯ ದಿನ ಹೇಳಿ."

"ಒಂಬತ್ತು ವರ್ಷದಿಂದ ಪಂಚಾಂಗ ಬರೀತಿದ್ದೀಯ. ನೀನೇ ನೋಡಿಕೋ."

ವಾಮನ ನೋಡಿದ. ಭಾನುವಾರ ಅಷ್ಟಮಿ. ಸೋಮವಾರ ನವಮಿ. ಮಂಗಳವಾರ ಮಂಗಳವಾರವೇ ಆಗಿತ್ತು. ಬುಧವಾರ ಏಕಾದಶಿ, ಉಪವಾಸದಲ್ಲಿ ತಲೆ ಓಡುವುದಿಲ್ಲ. ಗುರುವಾರ ಎಲ್ಲವೂ ಸರಿಯಿತ್ತು, ಆದರೆ ಹಲ್ಲಿ ಲೊಚಗುಟ್ಟಿತು.

ನೆಪ ಬೇಕೆನ್ನುವವನಿಗೆ ಪಂಚಾಂಗ ಎಂದೂ ಇಲ್ಲವೆನ್ನುವುದಿಲ್ಲ.

ದಿನಾ ಸಂಜೆ ಗುರುಗಳು, "ಆಯ್ತೇನಯ್ಯ?" ಎಂದು ಕೇಳುತ್ತಿದ್ದರು. ವಾಮನ ಅವತ್ತಿನ ಕಾರಣ ಹೇಳುತ್ತಿದ್ದ. "ಸರಿ" ಎಂದು ಗುರುಗಳು ಸಂಧ್ಯಾವಂದನೆಗೆ ಹೊಳೆಗೆ ಇಳಿಯುತ್ತಿದ್ದರು.

ಮೂರು ವಾರ ಕಳೆಯಿತು. ಪ್ರೆಸ್ಸಿನವರು ಕೊಟ್ಟ ಗಡುವಿಗೆ ಹತ್ತೇ ದಿನ ಉಳಿಯಿತು.

ಸೋಮವಾರ ಬೆಳಗ್ಗೆ ಗುರುಗಳೇ ಅವನ ಕೋಣೆಗೆ ಬಂದರು. "ಇವತ್ತು?"

"ಇವತ್ತು ಅಮಾವಾಸ್ಯೆ. ಸಾಲದ್ದಕ್ಕೆ ಈಗ ರಾಹುಕಾಲ."

"ನಿಜ ಹೇಳು. ನಿನಗೆ ಭಯ ಯಾವುದಕ್ಕೆ?"

"ಹೊಸದು ಬಂದಮೇಲೆ ಗಣಿತದ ತಂತ್ರಾಂಶ ತೆರೆಯದೆ ಹೋದರೆ? ಒಂಬತ್ತು ಮಾಸ ಮುಗಿದಿದೆ, ಇನ್ನೂ ಮೂರು ಬಾಕಿ. ವೈರಸ್ ಹತ್ತಿದ ಮೇಲೆ ಅದು ದಿನಕ್ಕೊಂದು ತಿಥಿ ಹಾಕಿದರೆ ಹೆಚ್ಚು. ಅದಿಲ್ಲದೆ ನನ್ನ ಕೈಯಲ್ಲಿ ಏನೂ ಆಗಲ್ಲ, ಗುರುಗಳೇ. ಅದು ಎಲ್ಲರಿಗೂ ಗೊತ್ತಾಗಿಬಿಡುತ್ತೆ."

ಗುರುಗಳು ಬೀರುವಿನಿಂದ ಹದಿನೈದು ವರ್ಷದ ಹಿಂದಿನ ಪಂಚಾಂಗ ತೆಗೆದು, ಒಂದು ಪುಟ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಈ ದಿನ, ಮಧ್ಯಾಹ್ನ ಮೂರೂವರೆ. ಹೇಗಿದೆ ನೋಡು."

"ಆಷಾಢ ಬಹುಳ ಚತುರ್ದಶಿ. ಮಂಗಳವಾರ. ಭದ್ರಾ ಕರಣ. ಮೂರೂವರೆ ಅಂದರೆ ರಾಹುಕಾಲ ಬೇರೆ." ವಾಮನ ಮುಖ ಹಿಂಡಿದ. "ಇಷ್ಟು ಕೆಟ್ಟ ಗಳಿಗೆ ನಾನು ಕಂಡಿಲ್ಲ. ಇಂಥ ಹೊತ್ತಲ್ಲಿ ಯಾರಾದರೂ ಏನನ್ನಾದರೂ ಶುರುಮಾಡ್ತಾರೆಯೇ?"

"ಅವತ್ತು ಬಾಗಿಲಿಗೆ ಒಬ್ಬ ಬಂದು ನಿಂತ. ಕೈಯಲ್ಲಿ ತಗಡಿನ ಪೆಟ್ಟಿಗೆ, ಮೈತುಂಬ ಜ್ವರ. ಹೋಗೋಕೆ ಬೇರೆ ಕಡೆ ಇಲ್ಲ ಅಂದ."

ವಾಮನ ಮೂಲೆಯಲ್ಲಿದ್ದ ತನ್ನ ತಗಡಿನ ಪೆಟ್ಟಿಗೆಯ ಕಡೆ ನೋಡಿದ.

"ನಾಳೆ ದಿನ ಚೆನ್ನಾಗಿದೆ, ನಾಳೆ ಬಾ ಅನ್ನಬೇಕಿತ್ತೇನಯ್ಯ ನಾನು?"

ವಾಮನ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಮುಗಿದ ಒಂಬತ್ತು ಮಾಸದ ಪ್ರಿಂಟನ್ನು ಎಂದೋ ತೆಗೆದಿಟ್ಟಿದ್ದ. ಉಳಿದದ್ದು ಗುಂಡಿ ಒತ್ತುವುದೊಂದೇ. ಒತ್ತಿದ.

ಶೇಕಡಾ ಮೂವತ್ತೆಂಟಕ್ಕೆ ಬಂದು ಅದು ನಿಂತುಬಿಟ್ಟಿತು. ಪರದೆ ಕಪ್ಪಾಯಿತು, ಬೆಳಗಿತು, ಮತ್ತೆ ಕಪ್ಪಾಯಿತು. ವಾಮನ ಹಲ್ಲು ಕಚ್ಚಿಕೊಂಡು ಕೂತ. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಆವೃತ್ತಿ ಬಂತು. ಪುಟಗಳೆಲ್ಲ ಇದ್ದವು. ಗಣಿತದ ತಂತ್ರಾಂಶ ಮಾತ್ರ ತೆರೆಯಲಿಲ್ಲ. ಏನು ಮಾಡಿದರೂ ತೆರೆಯಲಿಲ್ಲ.

ಸಂಜೆ ಗುರುಗಳು ಹೊಳೆಯಿಂದ ಬಂದಾಗ ವಾಮನ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ಗಣಿತದ ಹಳೆಯ ಪುಸ್ತಕ, ತೊಡೆಯ ಮೇಲೆ ಹಾಳೆ.

"ಅದು ತೆರೀಲಿಲ್ಲ, ಗುರುಗಳೇ."

"ಮತ್ತೆ ಇದೇನು?"

"ಪುಷ್ಯ ಮಾಸ. ಕೈಯಲ್ಲೇ ಗಣಿತ ಹಾಕ್ತಿದ್ದೀನಿ. ಪಾಡ್ಯವೇ ಎರಡು ಸಲ ತಪ್ಪಿತು, ಮೂರನೇ ಸಲ ಸರಿಬಂತು. ಹತ್ತು ದಿನ ಇದೆಯಲ್ಲ, ಮೂರೂ ಮಾಸ ಮುಗಿಸ್ತೀನಿ. ಮುಗಿಸದೆ ಬಿಡಲ್ಲ."

ಗುರುಗಳು ಆ ಹಾಳೆಯನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಅವರಿಗೆ ಬಹಳ ಸಂತೋಷವಾಯಿತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

"ನಾಳೆಯಿಂದ ಊರಿನವರು ಒಳ್ಳೆಯ ದಿನ ಕೇಳಿಕೊಂಡು ಬಂದರೆ, ನನ್ನ ಹತ್ತಿರ ಕಳಿಸಬೇಡ. ನೀನೇ ಹೇಳು."