ಕುಂಬಾರನ ಬೆಳಗಿನ ಅಭ್ಯಾಸ

“ಗುರುಗಳೇ, ತಾಯಿಗೆ ಕಾಯಿಲೆ ಜೋರಾಗಿದೆಯೆಂದು ನಾಲ್ಕು ದಿನದ ಹಿಂದೆ ಊರಿನಿಂದ ಓಲೆ ಬಂತು. ಓದಿದೆ. ಮನಸ್ಸು ಅಲುಗಲಿಲ್ಲ. ನನ್ನ ಸಾಧನೆ ಫಲಿಸಿತೆನ್ನಬಹುದೇ?” ಎಂದು ನಿಕಾಂಡ್ರ ಕೇಳಿದ. ಗ್ರೀಸಿನ ಒಂದು ಕಡಲತೀರದ ಊರಿನಲ್ಲಿ, ಆರು ವರ್ಷದಿಂದ ಆ ಗುರುವಿನ ಬಳಿ ತತ್ತ್ವ ಕಲಿಯುತ್ತಿದ್ದವನು. ದನಿಯಲ್ಲಿ ಹೆಮ್ಮೆಯಿತ್ತು.

ಗುರು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನೂ ನಿನ್ನ ಹಾಗೆ ತತ್ತ್ವ ಕಲಿಯಲು ಹೋದ. ನಮ್ಮಲ್ಲಿ ತತ್ತ್ವವೆಂದರೆ ಬಾಯಿಪಾಠವಲ್ಲ, ಬದುಕುವ ಬಗೆ. ಅಷ್ಟು ಅವನಿಗೆ ಅರ್ಥವಾಗಿತ್ತು. ಅವನ ಗುರು ಒಂದು ಅಭ್ಯಾಸ ಕೊಟ್ಟರು. ದಿನಾ ಬೆಳಗ್ಗೆ ತನಗೆ ಪ್ರಿಯವಾದುದನ್ನು ಮುಟ್ಟಿ, ‘ಇದು ಉಳಿಯುವುದಲ್ಲ’ ಎಂದುಕೊಳ್ಳಬೇಕು. ಕುಂಬಾರ ಗಡಿಗೆಯಿಂದ ಶುರುಮಾಡಿದ. ಒಂದು ವರ್ಷದ ಮೇಲೆ ಹೆಂಡತಿಯ ಹಣೆ ಮುಟ್ಟಿ, ಅವಳಿಗೂ ಕೇಳುವಂತೆ, ಹಾಗೆಂದುಕೊಳ್ಳತೊಡಗಿದ. ಹತ್ತು ವರ್ಷ ಒಂದು ಬೆಳಗೂ ತಪ್ಪಿಸಲಿಲ್ಲ. ಛಲಗಾರ, ಅದನ್ನು ಒಪ್ಪಬೇಕು.

ಹೆಂಡತಿಗೆ ಜ್ವರ ಬಂತು. ಕುಂಬಾರ ದಿಗಿಲುಬೀಳಲಿಲ್ಲ. ವೈದ್ಯನನ್ನು ಕರೆತಂದದ್ದು ನೆರೆಮನೆಯ ಮುದುಕಿ. ಗಂಜಿ ಕುಡಿಸಿದ್ದೂ ಆ ಮುದುಕಿಯೇ. ಇವನು ಅಂಗಳದಲ್ಲಿ ಚಕ್ರ ತಿರುಗಿಸುತ್ತ ಕೂತಿದ್ದ. ಸಹಪಾಠಿಗಳು ಬಂದು ನೋಡಿ, ಇವನಲ್ಲವೇ ಜ್ಞಾನಿ ಎಂದು ಕೊಂಡಾಡಿದರು. ಇವನಿಗೂ ಹಾಗೇ ಅನ್ನಿಸಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೆಂಡತಿ ಸಾಯಲಿಲ್ಲ. ಹನ್ನೆರಡನೆಯ ದಿನ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಕುಂಬಾರ ತಲೆಯೆತ್ತಿ ನೋಡಿದ, ಮತ್ತೆ ಕೆಲಸಕ್ಕೆ ಬಗ್ಗಿದ. ಚಕ್ರದ ಮೇಲಿದ್ದ ಹಸಿ ಗಡಿಗೆಯನ್ನು ಎರಡೂ ಕೈಯಲ್ಲಿ, ಉಸಿರು ಬಿಗಿಹಿಡಿದು, ಮೆಲ್ಲಗೆ ನೆರಳಿಗೆ ಒಯ್ದಿಟ್ಟ. ಅವಳು ಅದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿದಳು.

“ಎಲ್ಲಿಗೆ?” ಎಂದು ಕೇಳಿದ.

“ಅಣ್ಣನ ಮನೆಗೆ. ಗಡಿಗೆ ಒಡೆಯುತ್ತದೆಂದು ನಿಮಗೆ ಗೊತ್ತು, ಅದಕ್ಕೇ ಎರಡೂ ಕೈಯಲ್ಲಿ ಹಿಡಿಯುತ್ತೀರಿ. ನಾನು ಸಾಯುವವಳೆಂದು ಹತ್ತು ವರ್ಷದಿಂದ ಗೊತ್ತು, ಜ್ವರ ಬಂದಾಗ ಒಂದು ಕೈಯನ್ನೂ ಚಾಚಲಿಲ್ಲ.”

ಅವಳು ಹಿಂದಿರುಗಲಿಲ್ಲ. ಬೆಳಗ್ಗೆ ಮುಟ್ಟಿ ಹೇಳಲು ಕುಂಬಾರನಿಗೆ ಗಡಿಗೆಗಳಷ್ಟೇ ಉಳಿದವು.

ಗುರು ಕತೆ ನಿಲ್ಲಿಸಿದರು. ನಿಕಾಂಡ್ರ, “ಹಾಗಾದರೆ ಆ ಅಭ್ಯಾಸವೇ ತಪ್ಪೇ?” ಎಂದ.

“ಓಲೆ ಬಂದು ನಾಲ್ಕು ದಿನವಾಯಿತು ಅಂದೆಯಲ್ಲ, ನೀನಿನ್ನೂ ಇಲ್ಲೇ ಕೂತಿದ್ದೀಯ?”