ಹೊಗಳಿದವರು ಯಾರು

ಅಳಿಲಪ್ಪನಿಗೆ ಹೆಂಡತಿ ಕೊಂಬೆಯಿಂದ ಕೊಂಬೆಗೆ ಹಾರುವ ಫೋಟೋ ಬೇಕಿತ್ತು. ಆನ್‌ಲೈನ್‌ನಲ್ಲಿ ಕ್ಯಾಮೆರಾ ಹುಡುಕಿದ.

"ಕೂಡಿಟ್ಟ ಕಡಲೆಕಾಯಿಗೆ ಒಂದೇ ಬರೋದು ಕಣೇ. ಇದಕ್ಕೆ ತುಂಬಾ ಜನ ಐದು ಸ್ಟಾರ್ ಕೊಟ್ಟಿದ್ದಾರೆ. ಇದನ್ನೇ ತರಿಸ್ತೀನಿ."

"ತಡೀರಿ. ಕೊಟ್ಟವರು ಯಾರು ಅಂತ ಓದಿ," ಎಂದಳು ಹೆಂಡತಿ.

ಅವನು ಓದಿದ. "ಆಮೆ ಬರೆದಿದೆ, ನಮ್ಮವಳು ನಡೀತಿದ್ದರೂ ಸ್ಪಷ್ಟವಾಗಿ ಬಂದಳು ಅಂತ. ಬಸವನಹುಳು ಬರೆದಿದೆ, ನಮ್ಮ ಓಟದ ಪಂದ್ಯ ಒಂದೇ ಫೋಟೋದಲ್ಲಿ ಪೂರ್ತಿ ಸಿಕ್ಕಿತು ಅಂತ."

ಇಬ್ಬರೂ ನಕ್ಕು ನಕ್ಕು ಕೊಂಬೆಯಿಂದ ಬೀಳುವುದರಲ್ಲಿದ್ದರು.

"ನಮ್ಮ ಹಾಗೆ ನೆಗೆಯೋರು ಏನಂತಾರೆ ನೋಡಿ."

"ಮೊಲ ಒಂದೇ ಸ್ಟಾರ್ ಕೊಟ್ಟಿದೆ. ನಾನಿಲ್ಲ, ಬರೀ ಹುಲ್ಲು ಬಂದಿದೆ ಅಂತ."

ಅಳಿಲಪ್ಪ ಅದನ್ನು ಬಿಟ್ಟು, ಗುಬ್ಬಿಗಳು ಮೆಚ್ಚಿದ ಇನ್ನೊಂದನ್ನು ತರಿಸಿದ. ಅದರಲ್ಲಿ ಹೆಂಡತಿ ಹಾರುತ್ತಲೇ ಪೂರ್ತಿ ಬಂದಳು, ಮೀಸೆ ಸಮೇತ.

"ಮೀಸೆ ಅಳಿಸ್ರೀ," ಎಂದಳು.

ಅವನು ಅಳಿಸಲಿಲ್ಲ.